ಹೊರಟ ನೀರಿನ ಬೆನ್ನು

ಸಂಕ್ರಾಂತಿ ಕಳೆದು ಎಂಟು ದಿನವಾಗಿತ್ತು. ಹುರುಳಿ ಬಡಿಯುವ ಕಾಲ. ಇಬ್ಬನಿಗೆ ಮೆತ್ತಗಾಗಿದ್ದ ಬಳ್ಳಿ ಬಿಸಿಲಿಗೆ ಗರಿಗರಿಯಾಗಲಿ ಎಂದು ಕಾದು, ಹೊತ್ತು ಸ್ವಲ್ಪ ಏರಿದ ಮೇಲೆ ನಾನೂ ನಮ್ಮತ್ತೆ ಸಣ್ಣೀರಮ್ಮನೂ ಕಣದಲ್ಲಿ ಎದುರುಬದುರು ನಿಂತು ಬಡಿಯತೊಡಗಿದ್ದೆವು. ಅವಳ ಕೋಲು ಬಿದ್ದು ಎದ್ದ ಜಾಗಕ್ಕೆ ನನ್ನ ಕೋಲು ಬೀಳಬೇಕು. ನಾನು ತಪ್ಪಿದಾಗಲೆಲ್ಲ ಅವಳು ತನ್ನ ಕೋಲನ್ನು ಒಂದು ಗಳಿಗೆ ಗಾಳಿಯಲ್ಲಿ ತಡೆದು ನಿಲ್ಲಿಸುತ್ತಿದ್ದಳು. ಅರ್ಧ ಕಣ ಮುಗಿದಿತ್ತು. ಸಂಜೆಯೊಳಗೆ ತೂರಿ, ಚೀಲಕ್ಕೆ ತುಂಬಿ ಮನೆಗೆ ಸೇರಿಸಬೇಕು ಎಂದುಕೊಂಡಿದ್ದೆವು. ಅಷ್ಟರಲ್ಲಿ ನಮ್ಮ ಮೂಡಲಕೇರಿಯ ಹಿರಿಯ ಓಬಳಯ್ಯ ಪಂಚೆ ಎತ್ತಿ ಕಟ್ಟಿಕೊಂಡು, ಬದುವಿನ ಮೇಲೆ ಎಡವುತ್ತಾ ಬಂದ.

"ಸಣ್ಣೀರಕ್ಕಾ, ಬಾವಿ ಹೊಂಟೈತೆ!"

ಅತ್ತೆ ಎತ್ತಿದ್ದ ಕೋಲನ್ನು ಸುಮ್ಮನೆ ಇಳಿಸಲಿಲ್ಲ. ಆ ಒಂದು ಏಟನ್ನು ಹಾಕಿಯೇ ಕೋಲನ್ನು ಬಳ್ಳಿಯ ಮೇಲೆ ಮಲಗಿಸಿ, ಸೆರಗಿನ ಹೊಟ್ಟು ಕೊಡವಿಕೊಂಡು ಕೇಳಿದಳು, "ಯಾವ ಕಡೀಕೆ?"

"ತೆಂಕ್ಲಾಗಿ. ಈಗಿನ್ನೂ ಗುಡಿ ಹಿಂದ್ಲ ಹುಣಸೇಮರ ದಾಟ್ತಾ ಐತೆ. ಹೋದ್ ವಾರ ಮಂಡಿ ನೋವು ಅಂತಿದ್ದೆ. ನಮ್ ಹುಡುಗ್ರಲ್ಲಿ ಯಾರನ್ನಾದ್ರೂ ಕಳಿಸಾನಾ?"

"ಮಂಡೀನ ಇಲ್ಲೇ ಬಿಟ್ಟು ಹೋಗ್ತೀನಿ ಬಿಡು, ನೀನು ನೋಡ್ಕೊಂಡಿರು," ಎಂದಳು ಅತ್ತೆ. ಆಮೇಲೆ ನನ್ನ ಕಡೆ ನೋಡಿ, "ಪುಟ್ತಾಯಿ, ಬುತ್ತಿ ಹೊರೋಕೆ ಬರ್ತೀಯೇನೆ?" ಎಂದಳು.

ನಮ್ಮೂರಿನ ಬಾವಿಗಳು ಹೊರಡುತ್ತವೆ. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಒಮ್ಮೆ, ಸುಗ್ಗಿಯ ಗಡಿಬಿಡಿಯಲ್ಲಿ ಎಲ್ಲರೂ ಕಣದಲ್ಲಿರುವಾಗ, ನೀರು ಮೆಟ್ಟಿಲು ಹತ್ತಿ ಆಚೆ ಬಂದು ನಡೆದುಬಿಡುತ್ತದೆ. ನಾನು ಈ ಊರಿಗೆ ಸೊಸೆಯಾಗಿ ಬಂದು ಆಗ ಮೂರು ವರ್ಷ. ನಮ್ಮ ಕೇರಿಯ ಬಾವಿ ಹೊರಟದ್ದನ್ನು ಕಂಡಿರಲಿಲ್ಲ, ಮಾತು ಮಾತ್ರ ಕೇಳಿದ್ದೆ. ಹೊರಟ ನೀರನ್ನು ಯಾರಾದರೂ ಬೆನ್ನಟ್ಟಬೇಕು. ಅದು ಎಲ್ಲಿ ಕೂರುತ್ತದೋ ಅಲ್ಲಿಯವರೆಗೆ ಬಿಡದೆ ಹೋದರೆ ಅದು ವಾಪಸು ಬರುತ್ತದೆ. ನಡುವೆ ಬಿಟ್ಟರೆ ಇಲ್ಲ. ಊರಿನ ತೆಂಕಣ ದಿಕ್ಕಿಗೆ ಹಳೇಕೇರಿ ಎಂಬುದೊಂದಿದೆ. ಮಾಡಿಲ್ಲದ ಗೋಡೆಗಳು, ಒಳಗೆ ಬೆಳೆದ ಎಕ್ಕದ ಗಿಡ. ನಲವತ್ತು ವರ್ಷದ ಹಿಂದೆ ಅವರ ನೀರಿನ ಹಿಂದೆ ಹೋದವನು ನಡುಹಗಲಲ್ಲಿ ಮರದ ಕೆಳಗೆ ನಿದ್ದೆ ಹೋದನಂತೆ. ಎರಡು ವರ್ಷದಲ್ಲಿ ಒಂದೊಂದೇ ಮನೆ ಬಾಗಿಲು ಹಾಕಿಕೊಂಡು ಹೋದವಂತೆ. ನಮ್ಮ ಮೂಡಲಕೇರಿಯಲ್ಲಿ ಇಪ್ಪತ್ತಮೂರು ಮನೆ. ಅದರಲ್ಲೊಂದರಲ್ಲಿ ನನ್ನ ಒಂದೂವರೆ ವರ್ಷದ ಮಗಳು ಮಲಗಿದ್ದಳು. ಅವಳನ್ನು ಓಬಳಯ್ಯನ ಹೆಂಡತಿಯ ಮಡಿಲಿಗೆ ಹಾಕಿ, ಏಳು ರೊಟ್ಟಿ, ಹುಚ್ಚೆಳ್ಳಿನ ಪುಡಿ, ಒಂದು ಹಿಡಿ ಬೆಲ್ಲ ಕಟ್ಟಿಕೊಂಡು ಹೊರಟೆ. ಅತ್ತೆ ಮನೆಯ ಗಡಿಗೆಯಲ್ಲಿ ಉಳಿದಿದ್ದ ನಮ್ಮ ಬಾವಿಯ ನೀರನ್ನು ಒಂದು ಚೊಂಬು ತುಂಬ ಕುಡಿದಳು. ಇನ್ನು ಆ ನೀರು ಕೂರುವವರೆಗೆ ಬೆನ್ನಟ್ಟುವವರು ಹಿಂದಕ್ಕೆ ತಿರುಗಿ ನೋಡುವಂತಿಲ್ಲ, ಬೇರೆ ನೀರು ಮುಟ್ಟುವಂತಿಲ್ಲ. ಹಾಲು, ಹಣ್ಣು, ಕಬ್ಬು, ಸೌತೆಕಾಯಿ ಆಗಬಹುದು. ಬುತ್ತಿ ಹೊರುವವರಿಗೆ ಈ ಕಟ್ಟು ಇಲ್ಲ. ಅವರು ಕುಡಿಯಬಹುದು, ದಾರಿಯವರೊಡನೆ ನಿಂತು ಮಾತಾಡಬಹುದು, ಹಿಂದಕ್ಕೆ ತಿರುಗಿ ನೋಡಲೂ ಬಹುದು.

ಬೆನ್ನಟ್ಟುವುದು ಎಂದರೆ ನನ್ನ ತವರಿನಲ್ಲಿ ಕಳ್ಳನನ್ನೋ, ಬೆಳೆಗೆ ನುಗ್ಗಿದ ದನವನ್ನೋ ಕೋಲು ಹಿಡಿದು ಓಡಿಸುವುದು. ಇಲ್ಲಿ ಹಾಗಲ್ಲ. ತಮಟೆ ಕಲಿಯುವವನು ತಮಟೆಯನ್ನು ಬೆನ್ನಟ್ಟಿದ್ದಾನೆ ಎನ್ನುತ್ತಾರೆ. ಜ್ವರ ಬಂದ ಕೂಸನ್ನು ತಾಯಿ ಎಂಟು ದಿನ ಬೆನ್ನಟ್ಟಿ ಉಳಿಸಿಕೊಂಡಳು ಎನ್ನುತ್ತಾರೆ. ನನ್ನನ್ನು ನೋಡಲು ಬಂದ ದಿನ ಇವರ ಕಡೆಯ ಹಿರಿಯರೊಬ್ಬರು ಮೊದಲು ಕೇಳಿದ್ದೇ, "ಹುಡುಗಿ ಏನಾದ್ರೂ ಬೆನ್ನಟ್ಟವಳಾ?" ಎಂದು. ನಮ್ಮಪ್ಪನ ಮುಖ ಕೆಂಪಾಗಿತ್ತು. ನಾನು ಹೆದರಿ, "ಕೋಳಿ ಬೆನ್ನಟ್ಟಿದೀನಿ," ಎಂದುಬಿಟ್ಟೆ. ಎಲ್ಲರೂ ನಕ್ಕರು. ನಗದೆ ಕೂತಿದ್ದವಳು ಈ ನಮ್ಮತ್ತೆಯೊಬ್ಬಳೇ. "ಸಿಕ್ತೇನವ್ವಾ?" ಎಂದು ಕೇಳಿದಳು. "ಇಲ್ಲ. ನಂಗೆ ಸಾಕಾಗಿ ಸುಮ್ನೆ ಅದರ ಹಿಂದೆ ಹಿಂದೆ ಹೋದೆ. ಸಂಜೀಗೆ ಅದೇ ಗೂಡಿಗೆ ಬಂತು," ಎಂದೆ. "ಈ ಹುಡುಗಿ ಆಗ್ತೈತೆ, ಏಳ್ರಪ್ಪ," ಎಂದು ಅತ್ತೆ ಎದ್ದೇಬಿಟ್ಟಿದ್ದಳು. ಏನು ಆಗುತ್ತದೆ, ಯಾತಕ್ಕೆ ಆಗುತ್ತದೆ ಎಂದು ನನಗೆ ಅವತ್ತು ತಿಳಿದಿರಲಿಲ್ಲ.

ಹುಣಸೇಮರದ ಆಚೆ ನಮ್ಮ ನೀರು ಕಾಣಿಸಿತು. ಒಂದು ಕಂಬಳಿ ಹಾಸಿದಷ್ಟು ಅಗಲದ ತೇವ, ಉತ್ತ ಹೊಲದಲ್ಲಿ ನೆರಳಿನಂತೆ ಮುಂದೆ ಮುಂದೆ ಹೋಗುತ್ತಿತ್ತು. ಅದು ಬರುವ ಮೊದಲೇ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದವು. ಹಾದುಹೋದ ಮೇಲೆ ಮಣ್ಣು ಸ್ವಲ್ಪ ಹೊತ್ತು ಕಪ್ಪಗಿದ್ದು ಮತ್ತೆ ತನ್ನ ಬಣ್ಣಕ್ಕೆ ಬರುತ್ತಿತ್ತು. ಮೇದು ಹಟ್ಟಿಗೆ ಮರಳುವ ಹಸುವಿನ ನಡಿಗೆ ಅದರದ್ದು. ಅತ್ತೆ ಹತ್ತು ಮಾರು ಹಿಂದೆ ನಿಂತು, ಚಪ್ಪಲಿ ಬಿಟ್ಟು, ಒಮ್ಮೆ ಕೆಮ್ಮಿದಳು.

"ಯಾಕತ್ತೆ?"

"ನಾನು ಬಂದೀನಿ ಅಂತ ಅದಕ್ಕೆ ಗೊತ್ತಾಗಬೇಕು. ಕದ್ದು ಹೋಗಬಾರದು. ಹಂಗಂತ ಮೈಮೇಲೂ ಬೀಳಬಾರದು. ನಿನ್ನ ಹಿಂದೆ ಒಬ್ಬ ಓಡೋಡಿ ಬಂದ್ರೆ ನೀನು ನಿಲ್ತೀಯಾ?"

"ಇಲ್ಲ."

"ಹತ್ತು ಮಾರು ಹಿಂದೆ ಸುಮ್ನೆ ಬರ್ತಾ ಇದ್ರೆ?"

"ನಿಂತು, ಯಾಕಪ್ಪಾ ಬರ್ತಿದೀಯ ಅಂತ ಕೇಳ್ತೀನಿ."

"ಅದೂ ಅಷ್ಟೇಯ. ಒಂದಿನ ಕೇಳ್ತೈತೆ."

ಹನ್ನೊಂದು ಸಲ ಅವಳು ಹೀಗೆ ಹೋಗಿ ಬಂದಿದ್ದಳು. ಮೊದಲ ಸಲ ಹೋದಾಗ ನನ್ನ ಗಂಡ ಗುಜ್ಜಾರಪ್ಪ ಹುಟ್ಟಿರಲಿಲ್ಲ. ಅವಳ ನಡಿಗೆಯನ್ನು ನಾನು ಮನೆಯಲ್ಲಿ ದಿನವೂ ಕಂಡಿದ್ದೆ, ಕೊಟ್ಟಿಗೆಗೆ, ಹಿತ್ತಲಿಗೆ, ಕುಂಟುತ್ತಾ ಗೊಣಗುತ್ತಾ ಹೋಗುವ ಮುದುಕಿಯ ನಡಿಗೆ. ಆ ದಿನದ್ದು ಅದಲ್ಲ. ಕುಂಟು ಇತ್ತು, ಆದರೆ ಆ ಕುಂಟಿಗೂ ಒಂದು ಲೆಕ್ಕವಿತ್ತು. ನೀರು ಏರು ಹತ್ತುವಾಗ ನಿಧಾನವಾದರೆ ಇವಳೂ ನಿಧಾನ, ಇಳಿಜಾರಿನಲ್ಲಿ ಜಾರಿ ಓಡಿದರೆ ಇವಳು ಓಡದೆ ಹೆಜ್ಜೆ ಉದ್ದ ಮಾಡುತ್ತಿದ್ದಳು. ಕಣ್ಣು ಮಾತ್ರ ತೇವದ ಹಿಂದಿನ ಅಂಚಿನ ಮೇಲೆ. ದಾರಿಯಲ್ಲಿ ಸಿಕ್ಕವರೆಲ್ಲ ಪಕ್ಕಕ್ಕೆ ಸರಿದರು. ಗಾಡಿಯವನೊಬ್ಬ ಎತ್ತು ಬಿಚ್ಚಿ ಅಡ್ಡದಾರಿಗೆ ಎಳೆದುಕೊಂಡ. ಕುರಿಯವನು ಇಡೀ ಮಂದೆಯನ್ನು ಬೇಲಿಯ ಮಗ್ಗುಲಿಗೆ ಒತ್ತಿಸಿ ಹಿಡಿದು, "ಯಾವ ಕೇರೀದವ್ವಾ?" ಎಂದ. "ಮೂಡಲಕೇರೀದು," ಎಂದೆ ನಾನು. "ಸಣ್ಣೀರಮ್ಮ ತಾಯಿ ಹಿಂದಿದ್ರೆ ಬಿಡು," ಎಂದು ಒಂದು ಗಿಂಡಿ ಹಾಲು ಕರೆದುಕೊಟ್ಟ. ಅತ್ತೆ ನಡೆಯುತ್ತಲೇ ಕುಡಿದು, ಗಿಂಡಿಯನ್ನು ಹಿಂದಕ್ಕೆ ಚಾಚಿದಳು, ತಿರುಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ದಿಬ್ಬದ ಮೇಲಿಂದ ಕೂಗಾಟ ಕೇಳಿಸಿತು. ಪಡುವಲಕೇರಿಯ ಕ್ಯಾತಣ್ಣ! ಅವರ ಬಾವಿಯೂ ಅದೇ ದಿನ ಹೊರಟಿತ್ತು. ಒಂದೇ ದಿನ ಎರಡು ಬಾವಿ ಹೊರಟದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಕ್ಯಾತಣ್ಣ ನಲವತ್ತರ ಗಟ್ಟಿ ಆಳು, ಕುಸ್ತಿ ಮಾಡಿದ ಮೈ. ಅವನಿಗೆ ನಿಧಾನ ಎಂದರೆ ಆಗದು. ಹಿಂದಿನ ಸಲ ತನ್ನ ಕೇರಿಯ ನೀರನ್ನು ಓಡಿಸಿ ಓಡಿಸಿ ಒಂದೇ ದಿನದಲ್ಲಿ ಕೂರಿಸಿದ್ದ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಈಗಲೂ ಹೋ ಹೋ ಎಂದು ಕೂಗುತ್ತಾ, ಕೋಲು ಬೀಸುತ್ತಾ ಇಳಿದು ಬಂದ. ಮುಂದೆ ಅವರ ನೀರು ಅಟ್ಟಿಸಿಕೊಂಡ ಮೊಲದಂತೆ ಸೊಟ್ಟಸೊಟ್ಟ ಓಡುತ್ತಿತ್ತು.

"ಏನ್ ಸಣ್ಣೀರಕ್ಕಾ, ನಡ್ಕೊಂಡು ಹೋಗಿ ಯಾವ್ ಕಾಲಕ್ಕೆ ಮುಟ್ಟೀಯ? ಬರೋ ಸುಗ್ಗಿಗಾ?"

"ನಿನ್ ಮದುವೆ ಊಟಕ್ಕೂ ಹಿಂಗೇ ನಡ್ಕೊಂಡು ಬಂದಿದ್ದೆ ಕಣ್ಲಾ. ಆವಾಗ ಪಾಯಸ ಇನ್ನೂ ಉಳಿದಿತ್ತು," ಎಂದಳು ಅತ್ತೆ, ಕಣ್ಣು ಕೀಳದೆ.

ಅವನು ನಕ್ಕು ಮುಂದೆ ಓಡಿದ. ಎರಡು ನೀರೂ ಒಂದೇ ಕಡೆಗೆ ಹೋಗುತ್ತಿದ್ದವು. ಮುಂದೆ ಅಗಲವಾದ ಹಳ್ಳ, ಮಳೆಗಾಲ ಬಿಟ್ಟರೆ ಬರೀ ಮರಳು. ಎರಡೂ ಅದರೊಳಗೆ ಇಳಿದವು. ಮರಳು ತೇವವನ್ನು ತೋರಿಸುವುದಿಲ್ಲ, ಕುಡಿದುಬಿಡುತ್ತದೆ. ಅತ್ತೆ ಈಚೆ ದಂಡೆಯಲ್ಲಿ ನಿಂತಳು. ಕ್ಯಾತಣ್ಣ ನಿಲ್ಲಲಿಲ್ಲ. ಮರಳಿನ ಮೇಲೆ ದಡಬಡ ಕಾಲು ಬಡಿಯುತ್ತಾ, ಕೂಗುತ್ತಾ ಅತ್ತಿಂದಿತ್ತ ಓಡಿದ. ಸ್ವಲ್ಪ ಹೊತ್ತಿಗೆ ಆಚೆ ದಂಡೆಯ ಬಲಗಡೆಯಿಂದ ಒಂದು ತೇವ ಎದ್ದು ಬೆಟ್ಟದ ಕಡೆಗೆ ಹಾರಿದಂತೆ ಓಡಿತು. "ಅಗೋ ನಮ್ದು! ಅದರ ಓಟ ನೋಡ್ರಲಾ!" ಎಂದು ಅವನು ಅದರ ಹಿಂದೆ ಹೋದ. ಬಹಳ ಹೊತ್ತಿನ ಮೇಲೆ ಎಡಗಡೆ ಇನ್ನೊಂದು ತೇವ ನಿಧಾನವಾಗಿ ದಂಡೆ ಹತ್ತಿ, ನಿಂತು, ಸುಧಾರಿಸಿಕೊಂಡು, ಹಸುವಿನಂತೆ ಹೊರಟಿತು.

ಅತ್ತೆ ಅದನ್ನೇ ನೋಡುತ್ತಾ ನಿಂತಳು. "ಇದೇ ಇರಬೇಕು," ಎಂದಳು. ಅವಳ ಬಾಯಲ್ಲಿ 'ಇರಬೇಕು' ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಆದರೂ ನಡಿಗೆ ನಮ್ಮ ನೀರಿನದೇ. ನಡೆದೆವು.

ರಾತ್ರಿಯದು ಹೇಳುವಂಥದ್ದೇನಿಲ್ಲ. ಕತ್ತಲಾದರೆ ನೀರೂ ಮಲಗುತ್ತದೆ. ಅದರ ಅಂಚಿನಲ್ಲಿ ಅಂಗೈ ಊರಿಕೊಂಡು ಅತ್ತೆ ಮಲಗಿದಳು. ಬೆಳಗಿನ ಜಾವ ಅಂಗೈ ಒಣಗಿದ್ದು ಗೊತ್ತಾದ ಕೂಡಲೇ ನನ್ನನ್ನು ಎಬ್ಬಿಸಿದಳು.

ಎರಡನೆಯ ದಿನ ಬಿಸಿಲು ಚುರುಕಾದ ಮೇಲೆ ಒಂದು ಕಲ್ಲುದಿಬ್ಬ ಹತ್ತಿದೆವು. ಮೇಲೆ ನಿಂತು ನಾನು ಬುತ್ತಿಯ ಗಂಟನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಳ್ಳುತ್ತಾ ಹಿಂದಕ್ಕೆ ತಿರುಗಿ ನೋಡಿದೆ. ನಾವು ಬಂದ ದಾರಿಯುದ್ದಕ್ಕೂ, ಕೆಳಗಿನ ಹೊಲಗಳಲ್ಲಿ, ಯಾರೋ ಹಿಟ್ಟಿನ ಗೆರೆ ಎಳೆದ ಹಾಗೆ ಬಿಳಿಯ ಪಟ್ಟಿ. ಬಗ್ಗಿ ಕಾಲ ಬುಡದ ಬಂಡೆಯನ್ನು ಉಗುರಲ್ಲಿ ಕೆರೆದು ನಾಲಿಗೆಗೆ ಇಟ್ಟೆ. ಉಪ್ಪು. ನಮ್ಮ ಮೂಡಲಕೇರಿಯ ನೀರು ಸಿಹಿ, ಒಣಗಿದರೆ ಗುರುತೂ ಉಳಿಯದು. ಒಣಗಿದ ಮೇಲೆ ಉಪ್ಪಿನ ಸೌಳು ಬಿಡುವುದು ಪಡುವಲಕೇರಿಯ ಬಾವಿ. ಅವರ ಗಡಿಗೆ, ಬಚ್ಚಲು, ಹೊಸ್ತಿಲು ಎಲ್ಲ ಹೀಗೆಯೇ ಬೆಳ್ಳಗಿರುತ್ತಿದ್ದವು.

ಆಗ ನನಗೆ ಎಲ್ಲ ಹೊಳೆಯಿತು. ಹಿಂದಿನ ದಿನ ಬೆಳಗಿನಿಂದ ಓಡಿಸಿಕೊಂಡ ಅವರ ನೀರು ದಣಿದು, ಮರಳಿನಲ್ಲಿ ಬಿದ್ದು, ಮೆಲ್ಲಗೆ ಎದ್ದು ಹೊರಟಿತ್ತು. ಕ್ಯಾತಣ್ಣನ ಕೂಗಿಗೆ, ಕಾಲಿನ ಸದ್ದಿಗೆ ಬೆದರಿ ಎದ್ದು ಓಡಿದ್ದು ಎಂದೂ ಓಡದ ನಮ್ಮ ನೀರು. ಇಬ್ಬರೂ ನಡಿಗೆ ನೋಡಿಯೇ ಗುರುತಿಸಿದ್ದರು, ಇಬ್ಬರೂ ತಪ್ಪಿದ್ದರು.

ಹೇಳಲೋ ಬೇಡವೋ ಎಂದು ಅರ್ಧ ಹರದಾರಿ ಸುಮ್ಮನೆ ನಡೆದೆ. ಆಮೇಲೆ ತಡೆಯಲಾಗಲಿಲ್ಲ. "ಅತ್ತೆ, ಹಿಂದೆಲ್ಲ ಬೆಳ್ಳಗಾಗೈತೆ."

ಅವಳ ಹೆಜ್ಜೆ ನಿಲ್ಲಲಿಲ್ಲ. "ರುಚಿ ನೋಡ್ದಾ?"

"ಉಪ್ಪು."

ಒಣಗಿದ ತುಟಿಯನ್ನು ಅವಳು ನಾಲಿಗೆಯಿಂದ ಸವರಿಕೊಳ್ಳುವುದು ಕಾಣುತ್ತಿತ್ತು. "ನನ್ ಕಣ್ಣು ತಪ್ಪಿತು ಕಣೆ ಪುಟ್ತಾಯಿ. ಹನ್ನೊಂದು ಸಲ ತಪ್ಪದ್ದು," ಎಂದಳು.

"ಇನ್ನೂ ಹೊತ್ತೈತೆ ಅತ್ತೆ. ಹಳ್ಳಕ್ಕೆ ವಾಪಸ್ ಹೋಗಾನ. ಅಲ್ಲಿಂದ ಹುಡುಕಾನ."

"ಇದನ್ನ ಯಾರು ನೋಡ್ತಾರೆ?"

"ಅವರದು ಅವರು ನೋಡ್ಕೊಳ್ಳಲಿ! ಕ್ಯಾತಣ್ಣ ಮಾಡಿದ ಕೆಲಸ ಇದು. ನಮ್ ಮನೇಲಿ ಕೂಸೈತೆ. ಇಪ್ಪತ್ತಮೂರು ಮನೆ ಅತ್ತೆ!"

"ಅವರದು ಮೂವತ್ತೊಂದು," ಎಂದಳು. ಆಮೇಲೆ ನಿಧಾನವಾಗಿ, ದಾರಿ ಸವೆದಂತೆ ಒಂದೊಂದೇ ಮಾತು ಎತ್ತಿಟ್ಟಳು. "ನಮ್ದರ ಹಿಂದೆ ಒಬ್ಬ ಅವ್ನೆ. ಕೆಟ್ಟವನೋ ಒಳ್ಳೆಯವನೋ, ಒಬ್ಬ ಅವ್ನೆ. ಇದರ ಹಿಂದೆ ನಾನು ಬಿಟ್ರೆ ಯಾರಿಲ್ಲ. ನಿನ್ನೆಯಿಂದ ನಾನು ಬರ್ತಿದೀನಿ ಅಂತ ಇದಕ್ಕೆ ಗೊತ್ತು. ಈಗ ಹೆಂಗೆ ನಿಂತ್ಕಳ್ಲಿ?"

"ಅವನು ಓಡಿಸಿ ಓಡಿಸಿ ಕಳೀತಾನೆ."

"ಕಳೀಬಹುದು. ನೀನು ಬೇಕಾದ್ರೆ ಹೋಗು, ನಾನು ತಡೆಯಲ್ಲ. ಬುತ್ತೀನೂ ತಗಂಡ್ ಹೋಗು."

ನನಗೆ ಸಿಟ್ಟು ಬಂತು. ಬುತ್ತಿಯ ಗಂಟು ಹಿಡಿದುಕೊಂಡೇ ತಿರುಗಿ ಬಿರಬಿರನೆ ನಡೆದೆ. ಒಂದು ಬೇಲದ ಮರದವರೆಗೆ ಬಂದು ನಿಂತೆ. ಹಳ್ಳ ಒಂದು ದಿನದ ದಾರಿ. ಸಿಹಿನೀರಿನ ಜಾಡು ಅಷ್ಟು ಹೊತ್ತು ಇರುತ್ತದೆಯೇ? ಅಲ್ಲೇ ಕೂತು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಬಯಲಿನ ಆ ತುದಿಯಲ್ಲಿ ಅವಳು ಹೋಗುತ್ತಿದ್ದಳು. ಸೀರೆ ಮೊಣಕಾಲಿಗೆ ಕಟ್ಟಿದ, ಒಂದು ಭುಜ ಇಳಿದ, ಅರವತ್ತೆರಡರ ಹೆಂಗಸು. ತನ್ನದಲ್ಲದ ನೀರಿನ ಹಿಂದೆ, ತುತ್ತಿಲ್ಲದೆ, ಗುಟುಕಿಲ್ಲದೆ. ನಾನು ಬರುತ್ತೇನೋ ಇಲ್ಲವೋ ಎಂದು ಅವಳು ತಿರುಗಿ ನೋಡುವಂತಿರಲಿಲ್ಲ. ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೋ ಇಲ್ಲವೋ ನನಗೂ ತಿಳಿಯುವಂತಿರಲಿಲ್ಲ. ಎದ್ದು ಓಡಿದೆ. ಹತ್ತಿರ ಬಂದಾಗ ಏದುಸಿರು ತಡೆದುಕೊಂಡು ಒಮ್ಮೆ ಕೆಮ್ಮಿದೆ. ಅತ್ತೆ ಕೈಯನ್ನು ಹಿಂದಕ್ಕೆ ಚಾಚಿದಳು. ಒಂದು ಚೂರು ಬೆಲ್ಲ ಇಟ್ಟೆ.

ಮೂರನೆಯ ದಿನ ಮಧ್ಯಾಹ್ನ ಅದು ಕೂತಿತು. ಒಂದು ಬಸರಿ ಮರ, ಅದರ ಬುಡದಲ್ಲಿ ಕಲ್ಲಿನ ತಗ್ಗು. ತೇವ ಅದರೊಳಗೆ ಇಳಿದು, ಸುತ್ತಿ, ನಿಂತು, ಕಣ್ಣೆದುರಿಗೇ ನೀರಾಯಿತು. ಮರದ ಎಲೆ ಅದರಲ್ಲಿ ಕಂಡಿತು. ಅತ್ತೆ ಆ ಹತ್ತು ಮಾರನ್ನು ಹಗಲು ಹೊತ್ತಿನಲ್ಲಿ ಮೊದಲ ಸಲ ದಾಟಿ, ಪಕ್ಕದಲ್ಲಿ ಕಾಲು ನೀಡಿ ಕೂತಳು. ಅಂಗಾಲು ಸೀಳಿ ರಕ್ತ ಒಣಗಿತ್ತು. ಒಂದು ಬೊಗಸೆ ಎತ್ತಿ ಕುಡಿದು, ಮುಖ ಸಿಂಡರಿಸಿದಳು.

"ಇದನ್ನ ಕುಡಿದೂ ಆ ಜುಂಜಮ್ಮ ಅಷ್ಟು ಚೆನ್ನಾಗಿ ನಗ್ತಾಳಲ್ಲೇ," ಎಂದಳು. ಜುಂಜಮ್ಮ ಕ್ಯಾತಣ್ಣನ ಹೆಂಡತಿ. ಅತ್ತೆ ಇನ್ನೂ ಎರಡು ಬೊಗಸೆ ಕುಡಿದಳು. ಸಂಜೆಯವರೆಗೆ ಹಾಗೆಯೇ ಕೂತು, ಹುರುಳಿ ಕಣದಲ್ಲೇ ಉಳಿದದ್ದು, ಎಮ್ಮೆ ಗಬ್ಬವಾದದ್ದು, ನನ್ನ ಮಗಳಿಗೆ ದವಡೆ ಹಲ್ಲು ಬಂದದ್ದು, ಎಲ್ಲವನ್ನೂ ಆ ನೀರಿಗೆ ಹೇಳಿದಳು. ಮಾರನೆಯ ಬೆಳಿಗ್ಗೆ ಎದ್ದು, "ನಡಿಯವ್ವಾ, ಮನೆಗೆ ಹೋಗಾನ," ಎಂದಳು. ನನಗಲ್ಲ, ಅದಕ್ಕೆ.

ಬರುವಾಗ ನಾವು ಮುಂದೆ, ಅದು ಹಿಂದೆ. ಈಗ ನಾನೂ ತಿರುಗಿ ನೋಡುವಂತಿರಲಿಲ್ಲ. ಅದು ಬರುತ್ತಿದೆ ಎಂದು ನಂಬಿ ನಡೆಯಬೇಕು, ಅಷ್ಟೆ. ನನಗೆ ನೂರು ಸಲ ಕತ್ತು ತಿರುಗಿತು, ನೂರು ಸಲವೂ ಅವಳು ಹೇಗೋ ತಿಳಿದು, "ಹೂಂ," ಎಂದಳು.

ನೇರ ದಾರಿ ಹಿಡಿದುದರಿಂದ ಎರಡು ದಿನಕ್ಕೇ ಊರು ಮುಟ್ಟಿದೆವು. ನಮ್ಮ ಕೇರಿಗೂ ಅವರ ಕೇರಿಗೂ ದಾರಿ ಒಡೆಯುವ ಅರಳಿಕಟ್ಟೆಯ ಬಳಿ ಊರಿಗೆ ಊರೇ ನಿಂತಿತ್ತು. ನಮ್ಮ ಹಿಂದೆ ಬರುತ್ತಿದ್ದ ತೇವ ಕಂಡು ಮೂಡಲಕೇರಿಯವರು ಕೈ ಮುಗಿದರು. ನನ್ನ ಮಗಳು ಗುಜ್ಜಾರಪ್ಪನ ಹೆಗಲ ಮೇಲಿದ್ದಳು. ಪಡುವಲಕೇರಿಯವರು ಒಂದು ಮಗ್ಗುಲಿಗೆ ಗುಂಪಾಗಿದ್ದರು. ಅವರ ಮಧ್ಯೆ ಕ್ಯಾತಣ್ಣ ತಲೆ ತಗ್ಗಿಸಿ ಕುಕ್ಕುರುಗಾಲಲ್ಲಿ ಕೂತಿದ್ದ. ಅವನು ಹಿಂದಿನ ದಿನವೇ ಬರಿಗೈಲಿ ಬಂದಿದ್ದ. ಬೆಟ್ಟದ ಆಚೆಯ ಬೀಳುಭೂಮಿಯಲ್ಲಿ ಜಾಡು ಕಡಿದುಹೋಗಿತ್ತಂತೆ.

ಅತ್ತೆ ನಿಂತಳು. "ಇದು ನಮ್ದಲ್ಲ. ಪಡ್ಲಕೇರೀದು," ಎಂದಳು, ಎಲ್ಲರಿಗೂ ಕೇಳುವಂತೆ.

ಓಬಳಯ್ಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಹಂಗಾದ್ರೆ ನಮ್ದು?"

"ಕ್ಯಾತ ಓಡಿಸಿದ್ದು ನಮ್ದು. ಹಳ್ಳದಲ್ಲಿ ಅದಲು ಬದಲಾಯ್ತು. ತಪ್ಪು ನಂದೂ ಐತೆ."

ಕ್ಯಾತಣ್ಣ ತಲೆ ಎತ್ತಿದ. ಅವನಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಳೆದದ್ದು ತನ್ನದೇ ಎಂದು ಅಳುತ್ತಾ ಕೂತಿದ್ದವನು, ಬೇರೆಯವರದನ್ನು ಕಳೆದಿದ್ದೇನೆ ಎಂದು ತಿಳಿದು ಬೆವೆತುಹೋದ.

ಓಬಳಯ್ಯ ಇನ್ನೂ ಹತ್ತಿರ ಬಂದ. "ಸಣ್ಣೀರಕ್ಕಾ, ಕೇಳಿಲ್ಲಿ. ಹಿಂದೆ ಯಾರಿಲ್ಲದ ನೀರು, ತಂದವರದ್ದು. ಇದು ನಮ್ ತಾತನ ಕಾಲದಿಂದ ಇರೋ ಮಾತು. ಬಲಕ್ಕೆ, ನಮ್ ಕೇರಿಗೆ ತಿರುಗು. ಉಪ್ಪೋ ಸಪ್ಪೆಯೋ, ಬಾವಿ ತುಂಬ್ತೈತೆ. ಕೇರಿ ಉಳೀತೈತೆ. ಒಬ್ರೂ ತಪ್ಪು ಅನ್ನಂಗಿಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಪಡುವಲಕೇರಿಯವರೂ ಅದಕ್ಕೇ ಬಾಯಿ ಬಿಡದೆ ನಿಂತಿದ್ದರು. ಜುಂಜಮ್ಮ ಬರಿಯ ಕೊಡವನ್ನು ಎದೆಗೆ ಅವುಚಿಕೊಂಡಿದ್ದಳು. ನಮ್ಮವರೆಲ್ಲ ಅತ್ತೆಯ ಕಾಲನ್ನೇ ನೋಡುತ್ತಿದ್ದರು, ಯಾವ ಕಡೆ ಎತ್ತುತ್ತಾಳೆ ಎಂದು. ನಾನೂ ನೋಡುತ್ತಿದ್ದೆ. ಬಲಕ್ಕೆ ತಿರುಗಲಿ ಎಂದು ನನಗೆ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಮನೆಗೆ ಹೋಗಾನ ಅಂತ ಹೇಳಿ ಕರ್ಕಂಡ್ ಬಂದೀನಿ ಕಣಪ್ಪಾ," ಎಂದು ಅತ್ತೆ ಎಡಕ್ಕೆ ತಿರುಗಿದಳು.

ತೇವ ಅವಳ ಹಿಂದೆ ಪಡುವಲಕೇರಿಯ ಬೀದಿಯುದ್ದಕ್ಕೂ ಹೋಗಿ, ಮೆಟ್ಟಿಲಿಳಿದು, ಬಾವಿಯ ತಳದಲ್ಲಿ ಗುಳುಗುಳು ಎಂದಿತು. ಓಬಳಯ್ಯ ಟವೆಲ್ಲು ಕೊಡವಿ, "ನಮ್ ಬಾಯಿಗೆ ಮಣ್ ಹಾಕ್ದೆಯಲ್ಲ ತಾಯಿ," ಎಂದು ಹೊರಟುಹೋದ. ಗುಜ್ಜಾರಪ್ಪ ಅಮ್ಮನ ಅಂಗಾಲು ನೋಡಿ, ಅವಳನ್ನು ಕೂಸಿನಂತೆ ಎತ್ತಿಕೊಂಡ. "ಇಳ್ಸೋ, ಊರೆಲ್ಲ ನೋಡ್ತೈತೆ," ಎಂದು ಅವಳು ಅವನ ಬೆನ್ನಿಗೆ ಗುದ್ದುತ್ತಿದ್ದಳು.

ಮಧ್ಯಾಹ್ನ ಕ್ಯಾತಣ್ಣ ನಮ್ಮ ಜಗುಲಿಗೆ ಬಂದ. ತಲೆಗೆ ಸುತ್ತುವ ಟವೆಲ್ಲನ್ನು ಕೈಯಲ್ಲಿ ಹಿಡಿದಿದ್ದ. ಒಬ್ಬರ ನೀರನ್ನು ಇನ್ನೊಬ್ಬರು ಬೆನ್ನಟ್ಟಿ ತಂದುಕೊಟ್ಟರೆ, ನೀರು ಪಡೆದ ಕೇರಿಯ ಮೇಲೆ ಒಂದು ಬೆನ್ನಟ್ಟಿಕೆಯ ಋಣ ಉಳಿಯುತ್ತದೆ. ಕಾಳಿನಿಂದಲೋ ದುಡ್ಡಿನಿಂದಲೋ ಅದು ತೀರುವುದಿಲ್ಲ.

"ಹೊಂಟೀನಕ್ಕಾ," ಎಂದ. "ಬೀಳಿನ ತಾವ ಜಾಡು ತಪ್ಪಿದ ಕಡೆಯಿಂದ ಸುರು ಮಾಡ್ತೀನಿ. ಅದು ಹೊಂಟು ಐದು ದಿನ ಆಗೈತೆ. ಸಿಕ್ತೈತಾ?"

"ನಂಗೊತ್ತಿಲ್ಲ."

"ಹೆಂಗೆ ಹುಡುಕ್ಲಿ?"

"ಇರುವೆ ನೋಡು. ಹುಲ್ಲು ನೋಡು. ಬೆಳಗ್ಗೆ ಹೊತ್ತು ಬರಿಗಾಲಲ್ಲಿ ನಿಂತ್ಕೊಂಡು ತಣ್ಣಗಾಗೋ ತಾವ ಕಾಯಿ. ಅದು ಬೆದರೈತೆ. ನೀನು ಬಂದೀಯ ಅಂದ್ರೆ ಮೊದ್ಲು ಓಡ್ತೈತೆ. ಓಡ್ಲಿ ಬಿಡು." ಅತ್ತೆ ಅವನನ್ನು ಹತ್ತಿರ ಕರೆದು ಕೂರಿಸಿಕೊಂಡು, ನಮ್ಮ ಮನೆಯ ಗಡಿಗೆಯ ತಳದಲ್ಲಿ ಉಳಿದಿದ್ದ ಕೊನೆಯ ಸಿಹಿನೀರನ್ನು ಚೊಂಬಿಗೆ ಬಗ್ಗಿಸಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ. ಅದರಲ್ಲಿ ಅರ್ಧ ಅವನ ಕಣ್ಣಿನ ನೀರೇ ಬಿದ್ದಿತ್ತೇನೋ.

ಅವನು ಹೋದ ಮಾರನೆಯ ದಿನದಿಂದ ಜುಂಜಮ್ಮ ಮತ್ತು ಪಡುವಲಕೇರಿಯ ಹೆಂಗಸರು ಬೆಳಿಗ್ಗೆ ನಮ್ಮ ಇಪ್ಪತ್ತಮೂರು ಮನೆಗೂ ಎರಡೆರಡು ಕೊಡ ನೀರು ತಂದು ಹೊಸ್ತಿಲಲ್ಲಿ ಇಳಿಸತೊಡಗಿದರು. ಆ ನೀರಿಗೆ ಬೇಳೆ ಬೇಯದು, ಕೂದಲು ಜಡೆಗಟ್ಟುತ್ತದೆ. ಮೊದಮೊದಲು ಓಬಳಯ್ಯನ ಮನೆಯವರು ಕೊಡವನ್ನು ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿದರು. ಹೀಗೆ ಎರಡು ತಿಂಗಳು ಕಳೆಯಿತು. ಯುಗಾದಿಯ ಮಾರನೆಯ ದಿನ ಓಬಳಯ್ಯ ಕೇರಿಯವರನ್ನೆಲ್ಲ ಸೇರಿಸಿದ. ಅವನ ಭಾವಮೈದುನನ ಊರಿನಲ್ಲಿ ಜಾಗವಿದೆಯಂತೆ, ಬಾವಿಯೂ ಇದೆಯಂತೆ, ಅದು ಎಲ್ಲಿಗೂ ಹೋಗುವುದಿಲ್ಲವಂತೆ. ಹತ್ತು ಮನೆಯವರು ಹೂಂ ಎಂದಿದ್ದರು. ಆ ಹೊತ್ತಿಗೆ ಬಳೆಗಾರನೊಬ್ಬ ಹೆಗಲ ಮೇಲಿನ ಬಳೆಯ ಮಲಾರ ಇಳಿಸಿ ಕಟ್ಟೆಯ ಮೇಲೆ ಕೂತಿದ್ದ. ಮಾತು ಕೇಳುತ್ತಾ ಕೇಳುತ್ತಾ, "ಅಲ್ಲ, ನಿಮ್ ಕಡೆಯೋನು ಒಬ್ಬ ನಂಗೆ ಕಂಡಿದ್ದ," ಎಂದ.

"ಎಲ್ಲಿ? ಯಾವಾಗ?" ಎಂದಳು ಜುಂಜಮ್ಮ. ಅವಳೂ ಕೊಡ ಇಳಿಸಿ ನಿಂತಿದ್ದಳು.

"ಬೆಟ್ಟದಿಂದಾಚೆ ಆರು ದಿನದ ದಾರಿ. ದಪ್ಪ ಆಳು, ಈಗ ಸೊರಗೋಗವ್ನೆ. ನೆಲ ನೋಡ್ಕೊಂಡು ಹೋಗ್ತಿದ್ದ. ಹುಡುಗ್ರು ಹುಚ್ಚಾ ಅಂತ ಕಲ್ಲು ಎಸೀತಿದ್ರು. ಬೆನ್ನಿಗೆ ಬಿದ್ರೂ ತಿರುಗಲಿಲ್ಲ ಕಣವ್ವ. ಅವನ ಮುಂದೆ ಹುಲ್ಲು ಮಾತ್ರ ಒಂದು ಪಟ್ಟಿ ಹಸರಾಗಿತ್ತು."

ಜುಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಮ್ಮತ್ತೆ ಜಗುಲಿಯಿಂದ ಇಳಿದು, ಗೂಟದ ಸಲಿಕೆಯನ್ನೂ ಮಂಕರಿ ಬುಟ್ಟಿಯನ್ನೂ ತೆಗೆದುಕೊಂಡು ಬಾವಿಯ ಕಡೆ ನಡೆದಳು. ಒಂದೊಂದೇ ಮೆಟ್ಟಿಲು, ಮೊದಲು ಒಳ್ಳೆಯ ಕಾಲು, ಆಮೇಲೆ ನೋವಿನ ಕಾಲು. ತಳದಲ್ಲಿ ಒಣಗಿ ಬಿರಿದ ಹೂಳು ಮೊಣಕಾಲುದ್ದ ಇತ್ತು.

"ಅತ್ತೆ, ಏನ್ ಮಾಡ್ತಿದೀಯ?" ಎಂದು ಮೇಲಿಂದ ಕೂಗಿದೆ.

"ಬರೋದು ಕೂರೋಕೆ ಜಾಗ ಬ್ಯಾಡ್ವೇನೆ? ಹಗ್ಗ ಬಿಡು."

ನಾನು ಹಗ್ಗ ಬಿಟ್ಟೆ. ಮೊದಲ ಮಂಕರಿಯನ್ನು ನಾನೂ ಗುಜ್ಜಾರಪ್ಪನೂ ಎಳೆದೆವು. ಎರಡನೆಯದಕ್ಕೆ ಜುಂಜಮ್ಮ ಬಂದು ಹಗ್ಗ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಕೇರಿಯವರು ಸೇರಿ ಮೆಟ್ಟಿಲ ಮೇಲೆ ಸಾಲು ನಿಂತಿದ್ದರು. ಓಬಳಯ್ಯ ಸ್ವಲ್ಪ ಹೊತ್ತು ದೂರದಲ್ಲಿ ನಿಂತು ನೋಡಿ, "ಸಲಿಕೆ ಹಂಗ್ ಹಿಡೀತಾರೇನಕ್ಕಾ, ಕೊಡಿಲ್ಲಿ," ಎಂದು ಪಂಚೆ ಕಟ್ಟಿ ಕೆಳಗಿಳಿದ. ಮೂಡಲಕೇರಿಯಿಂದ ಒಂದು ಮನೆಯೂ ಊರು ಬಿಟ್ಟು ಏಳಲಿಲ್ಲ.

ಇದಾಗಿ ಈಗ ಹನ್ನೊಂದು ತಿಂಗಳು. ಮಧ್ಯೆ ಎರಡು ಸಲ ಸುದ್ದಿ ಬಂತು. ಒಮ್ಮೆ ಎಮ್ಮೆ ವ್ಯಾಪಾರದವರಿಂದ, ಒಮ್ಮೆ ಯಾತ್ರೆಗೆ ಹೋಗಿದ್ದ ಮುದುಕಿಯೊಬ್ಬಳಿಂದ. ಅವನು ಇನ್ನೂ ನಡೆಯುತ್ತಿದ್ದಾನೆ. ಪಡುವಲಕೇರಿಯ ಋಣ ತೀರಿಲ್ಲ. ನಮ್ಮ ಕೇರಿಯಲ್ಲಿ ಯಾರೂ ಅದನ್ನು ಕೇಳಿಲ್ಲ. ಬೆಳಿಗ್ಗೆ ಜುಂಜಮ್ಮ ಕೊಡ ಇಳಿಸುವಾಗ ಅತ್ತೆ ಒಳಗಿನಿಂದಲೇ, "ಬಾರವ್ವಾ, ರೊಟ್ಟಿ ತಿಂದ್ಕಂಡ್ ಹೋಗು," ಎನ್ನುತ್ತಾಳೆ. ಅವಳು ಒಳಗೆ ಬಂದು, ನನ್ನ ಮಗಳನ್ನು ಮಡಿಲಿಗೆ ಹಾಕಿಕೊಂಡು, ಒಲೆಯ ಪಕ್ಕ ಕೂರುತ್ತಾಳೆ.